ಶೀನನ ಮುಖದ ಚುಕ್ಕಿಗಳು

ಗುಣಪಾಲ ಶೆಟ್ಟರು ಬಗ್ಗಿ ಪ್ಲಗ್ಗನ್ನು ಎಳೆದು ಕಿತ್ತರು. ಮೇಜಿನ ಕೆಳಗಿದ್ದ ಯುಪಿಎಸ್ ಕೀಂ ಕೀಂ ಎಂದು ಅರಚತೊಡಗಿತು. ಅವರು ಅದರ ಕಡೆ ತಿರುಗಿಯೂ ನೋಡದೆ, ಹೆಣ ಇಟ್ಟಿದ್ದ ಫ್ರೀಜರ್ ಪೆಟ್ಟಿಗೆಯ ವೈರನ್ನು ಅದೇ ಜಾಗಕ್ಕೆ ಚುಚ್ಚಿದರು. ಹೊರಗೆ ಚಾವಡಿಯಲ್ಲಿ ಪೆಟ್ಟಿಗೆ ಗುಂಯ್ ಎಂದು ಶುರುವಾಯಿತು.

“ಅಪ್ಪಯ್ಯ! ಎಂತ ಮಾಡಿದ್ರಿ?” ಮಗ ಸುಶಾಂತ್ ಅಂಗಳದಿಂದ ಓಡಿ ಬಂದ. “ದೊಡ್ಡಮ್ಮನ ಕೆಲ್ಸ ಅದ್ರಂಗಿತ್ತ್. ಸೇವ್ ಆಯ್ಲಿಲ್ಲೆ.”

“ಕೆಲ್ಸ ಮಾಡುವರ್ ಅಲ್ಲ್ ಮನ್ಕಂಡಿರ್. ರತನ್ ಬಪ್ಪೊಳ್ಗೆ ವಾಸ್ನಿ ಬಂದ್ರೆ ಯಾರ್ ಉತ್ತರ ಕೊಡುದ್? ನೀನಾ?”

ಸತ್ತವರು ಅಮ್ಮಣ್ಣಿ, ಗುಣಪಾಲ ಶೆಟ್ಟರ ಅತ್ತಿಗೆ. ನಿನ್ನೆ ಸಂಜೆ ಇದೇ ಮೇಜಿನ ಮುಂದೆ, ಇದೇ ಕುರ್ಚಿಯಲ್ಲಿ ಹೋಗಿದ್ದರು. ಮಗಳು ಶ್ರೀಲತಾ ಚಾ ತರುವಾಗ ತಲೆ ಎದೆಗೆ ಬಾಗಿತ್ತು, ಕೈ ಮೌಸಿನ ಮೇಲೆಯೇ ಇತ್ತು. ಆಮೇಲಿನ ಗದ್ದಲದಲ್ಲಿ ಕಂಪ್ಯೂಟರ್ ಆರಿಸಲು ಯಾರಿಗೂ ನೆನಪಾಗಲಿಲ್ಲ. ಅಮ್ಮಣ್ಣಿಯ ಮಗ ರತನ್ ಮುಂಬಯಿಯಲ್ಲಿ ಹೋಟೆಲು ನಡೆಸುವವನು. ಸುದ್ದಿ ಕೇಳಿ ಸಿಕ್ಕಿದ ರೈಲು ಹತ್ತಿದ್ದ. ರೈಲು ದಾರಿಯಲ್ಲೇ ತಡವಾಗಿತ್ತು. ಅವನು ಕುಂದಾಪುರದಲ್ಲಿ ಇಳಿದು ಗಂಗೊಳ್ಳಿ ಮುಟ್ಟುವ ತನಕ ಹೆಣ ಕಾಯಬೇಕು. ಹಳೇ ಮನೆ, ದಪ್ಪ ಪ್ಲಗ್ಗು ಹಿಡಿಯುವ ಜಾಗ ಇದ್ದದ್ದು ಈ ಕೋಣೆಯಲ್ಲಿ ಮಾತ್ರ.

ಸುಶಾಂತ್ ಮೌಸ್ ಅಲ್ಲಾಡಿಸಿದ. ಕಪ್ಪಾಗಿದ್ದ ಪರದೆ ಬೆಳಗಿತು. ಅದರ ತುಂಬ ಒಬ್ಬ ಗಂಡಸಿನ ಕಪ್ಪು ಬಿಳುಪು ಮುಖ. ಕೂದಲು, ಹಣೆ, ಅಂಗಿಯ ಕಾಲರು ಎಲ್ಲ ಚೊಕ್ಕ. ಕೆನ್ನೆ, ಗಲ್ಲ, ಮೂಗಿನ ಸುತ್ತ ಮಾತ್ರ ಸಾಸಿವೆ ಎರಚಿದ ಹಾಗೆ ಚುಕ್ಕಿಗಳು. ಅವನು ಗಡಿಬಿಡಿಯಲ್ಲಿ ಸೇವ್ ಒತ್ತಿ ಉಸಿರು ಬಿಟ್ಟ.

ಬಾಗಿಲಲ್ಲಿ ಮೀನು ಮಾರುವ ಚಂದು ನಿಂತಿದ್ದಳು. ಹೆಣಕ್ಕೆ ಕೈ ಮುಗಿದು, ಅದೇನು ಅರಚುವುದು ಎಂದು ನೋಡಲು ಬಂದವಳು, ಪರದೆ ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅದ್ ನಮ್ಮನಿಯೋರ್,” ಎಂದಳು.

* * *

ಫಿಲ್ಮಿನ ಕಾಲದಲ್ಲಿ ಅಮ್ಮಣ್ಣಿಯ ಗಂಡ ಭೋಜರಾಜ ಶೆಟ್ಟರಿಗೆ ಗಂಗೊಳ್ಳಿ ಪೇಟೆಯಲ್ಲಿ ಸ್ಟುಡಿಯೊ ಇತ್ತು. ಪಟ ತೆಗೆಯುವುದು ಅವರು. ಕತ್ತಲ ಕೋಣೆಯಲ್ಲಿ ತೊಳೆದು ಒಣಗಿಸುವುದು ಅಮ್ಮಣ್ಣಿ. ಬೋರ್ಡಿನ ಮೇಲೆ ಗಂಡನ ಹೆಸರೊಂದೇ ಇತ್ತು, ಬಿಡಿ. ಅವರು ಸತ್ತ ಮೇಲೆ ನೆಗೆಟಿವ್ ತುಂಬಿದ ಬಿಸ್ಕತ್ತಿನ ಡಬ್ಬಿಗಳು ಮನೆಗೆ ಬಂದವು. ಉಪ್ಪುಗಾಳಿಗೆ ಫಿಲ್ಮಿಗೆ ಬೂಸ್ಟು ಹಿಡಿಯುತ್ತಿತ್ತು.

“ಇದ್ರಂಗೆ ಇಡೀ ಊರೇ ಇತ್ತ್. ಕೊಳಿಯೂಕೆ ಬಿಡುದಾ?” ಎಂದು ಅಮ್ಮಣ್ಣಿ ಹಠ ಹಿಡಿದರು. ಸುಶಾಂತ್ ಫಿಲ್ಮಿನ ಸ್ಕ್ಯಾನರ್ ತಂದುಕೊಟ್ಟ.

ಸ್ಕ್ಯಾನರ್ ಕಲಿಯುವುದು ಸುಲಭವಾಯಿತು. ಜಗಳ ಬಂದದ್ದು ಸಾಫ್ಟ್‌ವೇರಿನದು. ಮೊದಲು ಹಾಕಿದ್ದು ಧೂಳನ್ನು ತಾನೇ ಹುಡುಕಿ ತಾನೇ ತೆಗೆಯುತ್ತಿತ್ತು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಅದರಲ್ಲಿ ನೆರೆಮನೆಯವರ ಮದುವೆಯ ಪಟ ಮಾಡಿ ಪ್ರಿಂಟು ತೆಗೆದು ನೋಡಿದರೆ ಮದುಮಗಳ ಮೂಗುಬೊಟ್ಟೇ ಇಲ್ಲ.

“ಸುಶಾಂತ, ಇದೆಂತ? ಇವ್ಳ್ ಮೂಗ್‌ಬೊಟ್ಟ್ ಎಲ್ಲ್ ಹೋಯ್ತ್?”

“ಹೊಳಿತಿತ್ತಲೆ ದೊಡ್ಡಮ್ಮ. ಧೂಳ್ ಅಂದ್ಕಂಡ್ ತೆಗ್ದಿತ್ತ್.”

“ಗಂಡ ಬದಿಯಂಗೇ ಕೂಕಂಡಿದ. ಅವ ಬದ್ಕಿಪ್ಪತಿಗೇ ಮೂಗ್‌ಬೊಟ್ಟ್ ತೆಗುಕೆ ಇದ್ ಯಾರ್?”

ಎರಡನೆಯದು ದೊಡ್ಡ ಸ್ಟುಡಿಯೊದವರು ಬಳಸುವಂಥದ್ದು. ಪರದೆಯ ಸುತ್ತ ಬರೀ ಗುಂಡಿಗಳು. ಅಮ್ಮಣ್ಣಿ ಕೆಲವು ದಿನ ಗುದ್ದಾಡಿ, “ಇದ್ಕೆ ನಾನ್ ಸಾಲುದಿಲ್ಲೆ, ಇಂಜಿನಿಯರ್ ಬೇಕ್” ಎಂದು ತೆಗೆಸಿದರು. ಮೂರನೆಯದು ನೋಡಲು ಹಳೇ ಕಾಲದ್ದು, ನಿಧಾನ. ಚುಕ್ಕಿ ಕಂಡಲ್ಲಿ ಒಂದು ಕೆಂಪು ಉಂಗುರ ಹಾಕಿ ನಿಲ್ಲುತ್ತಿತ್ತು. ತೆಗೆಯಬೇಕೇ, ಬಿಡಬೇಕೇ ಎಂದು ಕೇಳುತ್ತಿತ್ತು. ಉತ್ತರ ಕೊಡದಿದ್ದರೆ ಮುಂದಿನ ಚುಕ್ಕಿಗೆ ಹೋಗುತ್ತಲೇ ಇರಲಿಲ್ಲ.

“ಇದ್ರಂಗೆ ಒಂದ್ ಪಟ ಮುಗುಕೆ ವಾರ ಬೇಕ್, ದೊಡ್ಡಮ್ಮ.”

“ತಿಂಗ್ಳ್ ಬೇಕಾರ್ ಆಯ್ಲಿ. ಇದ್ ಕೇಂಡ್ ಮಾಡತ್. ಅಷ್ಟ್ ಮರ್ಯಾದಿ ಇದ್ರೆ ಸಾಕ್.”

ಅದನ್ನೇ ಇಟ್ಟುಕೊಂಡರು. ಕೇಳಿದವರಿಗೂ ಕೇಳದವರಿಗೂ ಪಟ ಮಾಡಿ ಕೊಟ್ಟರು.

* * *

ಸಾವಿನ ಮನೆಯ ಅಂಗಳದಲ್ಲಿ ಕಾಯುತ್ತ ಕೂತವರು ಎಷ್ಟು ಹೊತ್ತು ಸುಮ್ಮನಿದ್ದಾರು? ಮಾತು ಶುರುವಾಗಿತ್ತು.

“ನನ್ ಅಬ್ಬಿದ್ ಒಂದೂ ಪಟ ಇರ್ಲಿಲ್ಲೆ,” ಎಂದು ತಾಯಿಯನ್ನು ನೆನೆದರು ಬಸ್ ಡ್ರೈವರಾಗಿದ್ದ ಒಬ್ಬ ಮುದುಕರು. “ಒಂದಿನ ಅಮ್ಮಣ್ಣಿಯಮ್ಮ ಕರ್ದ್ ಕೈಯಂಗೆ ಕೊಟ್ರ್. ಯಾರ್ದೋ ಮದಿ ಪಟದ್ ಮೂಲಿಯಂಗೆ ಅಬ್ಬಿ ನಿಂತಿತ್ತ್, ಸಾರಿನ ಬಾಲ್ದಿ ಹಿಡ್ಕಂಡ್. ಬಾಲ್ದಿಯನ್ನೂ ತೆಗಿಲಿಲ್ಲೆ ಅವ್ರ್.”

“ನನ್ ಅಪ್ಪಂದೂ ಮಾಡ್ಕೊಟ್ಟಿರ್. ಮಾಲ್‌ಗಣ್ಣ್ ಹಾಂಗೇ ಇತ್ತ್,” ಎಂದರು ಪಕ್ಕದ ಕುರ್ಚಿಯವರು.

“ಮತ್ತೆಂತ ಸಿನ್ಮಾದವ್ರ್ ಕಣ್ಣ್ ಹಾಕುದಾ ಮಾರಾಯಾ? ಆ ಕಣ್ಣ್ ಇಲ್ದಿದ್ರೆ ಅಪ್ಪ ಅಂದೇಳಿ ನಿಂಗೇ ಗುರ್ತ ಸಿಕ್ತಿರ್ಲಿಲ್ಲೆ.”

ನಕ್ಕರು. ಎಲ್ಲಿ ಕೂತಿದ್ದೇವೆಂದು ನೆನಪಾಗಿ ನಿಲ್ಲಿಸಿದರು.

ಚಾ ಹಂಚುತ್ತಿದ್ದ ಶ್ರೀಲತಾ ಎಲ್ಲ ಕೇಳಿಸಿಕೊಂಡಳು. ಬ್ರಹ್ಮಾವರದಿಂದ ಬಂದಾಗಲೆಲ್ಲ ಅವಳು ಅಮ್ಮನಿಗೆ ಬಯ್ಯುತ್ತಿದ್ದಳು. ಕಣ್ಣು ಹಾಳು, ಬೆನ್ನು ಹಾಳು, ಯಾರ ಯಾರದೋ ಪಟಕ್ಕೆ ನಿಮಗೇಕೆ ಇಷ್ಟು ಒದ್ದಾಟ ಎಂದು. ಆ ಯಾರ ಯಾರೋ ಇವತ್ತು ಅಂಗಳದಲ್ಲಿ ಜಾಗವಿಲ್ಲದೆ ತೆಂಗಿನ ಮರದ ಬುಡದಲ್ಲೂ ನಿಂತಿದ್ದರು. ಅವಳು ಖಾಲಿ ತಟ್ಟೆ ಹಿಡಿದು ಒಳಗೆ ಬಂದಳು.

ಕೋಣೆಯಲ್ಲಿ ಚಂದು ನೆಲದ ಮೇಲೆ ಕೂತಿದ್ದಳು. ಯುಪಿಎಸ್ ಸುಸ್ತಾಗಿ ಪರದೆ ಆರಿತ್ತು. ಅವಳು ಆರಿದ ಪರದೆಯನ್ನೇ ನೋಡುತ್ತಿದ್ದಳು.

ಅವಳ ಗಂಡ ಶೀನ, ಮದುವೆಯಾದ ಕೆಲವೇ ವರ್ಷಕ್ಕೆ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮೀನುಗಾರರ ಸಂಘದ ಗುರುತಿನ ಚೀಟಿಗೆಂದು ಭೋಜರಾಜ ಶೆಟ್ಟರಲ್ಲಿ ಒಂದು ಪಟ ತೆಗೆಸಿದ್ದ. ಚೀಟಿ ಅಂಗಿಯ ಕಿಸೆಯಲ್ಲೇ ಅವನ ಜತೆ ಹೋಯಿತು. ಉಳಿದದ್ದು ಬಿಸ್ಕತ್ತಿನ ಡಬ್ಬಿಯೊಳಗಿದ್ದ ನೆಗೆಟಿವ್ ಒಂದೇ.

“ಅಮ್ಮ ನಿಮ್ಮನ್ನ್ ಕರೀತಿದ್ರ್ ಅಲ್ದಾ, ಚಂದಕ್ಕ?”

“ಕರೀತಿದ್ರ್. ಮೀನ್ ತಕಂಡ್ ಬಪ್ಪತಿಗೆಲ್ಲ ಕರೀತಿದ್ರ್.”

* * *

ಹಿಂದೊಂದು ದಿನ ಹಿಂಬಾಗಿಲ ಮೆಟ್ಟಿಲಲ್ಲಿ ಚಂದು ಬಂಗುಡೆ ಎಣಿಸುತ್ತಿದ್ದಾಗ ಅಮ್ಮಣ್ಣಿ ಫಿಲ್ಮಿನ ಸಣ್ಣ ತುಂಡೊಂದನ್ನು ಅಂಚಿನಲ್ಲಿ ಹಿಡಿದು ತಂದರು. ಬಿಸಿಲಿಗೆ ಎತ್ತಿ ತೋರಿಸಿದರು.

“ಇದ್ ಯಾರ್ ಕಾಣ್.”

ಚಂದು ಒದ್ದೆ ಕೈ ಸೆರಗಿಗೆ ಒರೆಸಿ ಕತ್ತು ಎತ್ತಿದಳು. ಬಹಳ ಹೊತ್ತು ನೋಡಿದಳು. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿ.

“ಇವ್ರ್ ಕೂದ್ಲ್ ಹಣ್ಣಾಯಿತಲೆ, ಅಮ್ಮ,” ಎಂದಳು.

“ನಿಂಗ್ ಹಣ್ಣಾಯಿತ್, ಅವಂಗ್ ಆಪ್ಪುಕಾಗ್ದಾ?” ಎಂದು ಅಮ್ಮಣ್ಣಿ ನಕ್ಕರು. “ಪಟ ಆಪತಿಗೆ ಕಪ್ಪಾತ್ತ್. ಆರೆ ಮುಖಕ್ಕೆ ಬೂಸ್ಟ್ ಕೂತಿತ್ತ್ ಮಾರಾಯ್ತಿ. ಯಾವ್ದ್ ಬೂಸ್ಟ್, ಯಾವ್ದ್ ಅವನ್ ಮುಖದ್ದ್ ಅಂದೇಳಿ ನಂಗೆ ಗೊತ್ತಾತಿಲ್ಲೆ. ನಿಂಗ್ ಮಾತ್ರ ಗೊತ್ತಿಪ್ಪುದ್. ಒಂದ್ ಮಧ್ಯಾಹ್ನ ಬಂದ್ ನನ್ ಬದಿಯಂಗೆ ಕೂಕೊ.”

“ಬತ್ತೆ ಅಮ್ಮ, ಬಂಗ್ಡಿ ಭರ ಒಂದ್ ಮುಗಿಲಿ.”

ಬಂಗುಡೆ ಮೀನಿನ ಕಾಲ ಮುಗಿದು ಬೂತಾಯಿಯದು ಬಂತು. ಮಳೆಗಾಲಕ್ಕೆ ಬೋಟುಗಳು ನಿಂತವು, ಮತ್ತೆ ಇಳಿದವು. ಚಂದು ಹಿಂಬಾಗಿಲಿಂದಲೇ ಬಂದು ಹಿಂಬಾಗಿಲಿಂದಲೇ ಹೋದಳು. ಅಮ್ಮಣ್ಣಿ ಕೂದಲು, ಹಣೆ, ಅಂಗಿ ಎಲ್ಲ ಮುಗಿಸಿ, ಕೆನ್ನೆಯ ಹತ್ತಿರ ಬಂದು ನಿಂತರು.

* * *

“ಬರ್ಲಿಲ್ಲೆ ಎಂತಕ್ಕೆ?” ಎಂದು ಶ್ರೀಲತಾ ಕೇಳಿದಳು.

ಚಂದು ಸೆರಗಿನ ತುದಿ ಹಿಂಡಿದಳು. “ಹೆದ್ರಿಕಿ ಆಯ್ತ್ ಹೆಣ್ಣೆ. ಮುಖ ಮರ್ತ್ ಹೋಯಿದ್ರೆ? ಬೂಸ್ಟ್ ಯಾವ್ದ್, ಗಂಡ ಯಾವ್ದ್ ಅಂದೇಳಿ ಗೊತ್ತಾಗ್ದಿದ್ರೆ ನಾನ್ ಎಂತ ಹೆಂಡ್ತಿ?”

ಶ್ರೀಲತಾ ತಟ್ಟೆಯನ್ನು ಕೆಳಗಿಟ್ಟಳು.

“ಏಳಿ. ಈಗ್ಳೇ ಮಾಡುವ. ಅಮ್ಮ ಮನ್ಯಂಗ್ ಇಪ್ಪತಿಗೇ ಮುಗಿಲಿ. ಸುಶಾಂತ, ಎಲ್ಲಿಂದಾರೂ ಎಕ್ಸ್‌ಟೆನ್ಶನ್ ತಕಂಡ್ ಬಾ.”

“ಮೊದ್ಲಿಂದ್ ಸಾಫ್ಟ್‌ವೇರ್ ಹಾಕಿರೆ ಒಂದೇ ಗುಂಡಿ ಅಕ್ಕ...” ಎಂದು ಸುಶಾಂತ್ ಬಾಯಿ ತೆರೆದ. ಅವಳ ಮುಖ ನೋಡಿದವನೇ ಹೊರಟ.

ಗುಣಪಾಲ ಶೆಟ್ಟರು ಬಾಗಿಲಿಗೆ ಅಡ್ಡ ಬಂದರು. “ಹೆಣ ಮನ್ಯಂಗ್ ಇಪ್ಪತಿಗೆ ಕಂಪ್ಯೂಟರ್ ಎದ್ರಿಗೆ ಕೂಕಂಬುದಾ? ಊರಿನವ್ರ್ ಎಂತ ಹೇಳ್ತ್ರ್?”

“ಊರಿನವ್ರ್ ಅಂಗ್ಳದಂಗೇ ಇದ್ರಲೆ, ಚಿಕ್ಕಪ್ಪಯ್ಯ. ಹೋಯ್ ಕೇಣಿ. ಅವ್ರ್ ಮನಿ ಗ್ವಾಡಿ ಮೇಲೆಲ್ಲ ಅಮ್ಮ ಮಾಡಿದ್ ಪಟವೇ ಇಪ್ಪುದ್.”

“ಕರೆಂಟ್ ಹಾರ್‌ರೆ?”

“ಹಾರ್‌ರೆ ನಂಗೆ ಬೈಯಿರಿ.”

ಶೆಟ್ಟರು ಗೊಣಗುತ್ತ ಹೋದರು. ಎಕ್ಸ್‌ಟೆನ್ಶನ್ ಬಂತು, ಪರದೆ ಬೆಳಗಿತು. ಕರೆಂಟು ಹಾರಲಿಲ್ಲ.

ಶ್ರೀಲತಾ ಅಮ್ಮನ ಕುರ್ಚಿ ಎಳೆದು ಚಂದುವಿಗೆ ತೋರಿಸಿದಳು. ಈ ಮನೆಯಲ್ಲಿ ಹಿಂಬಾಗಿಲ ಮೆಟ್ಟಿಲು ಬಿಟ್ಟು ಬೇರೆಲ್ಲೂ ಕೂತವಳಲ್ಲ ಚಂದು. ಬೇಡ ಬೇಡ ಎಂದು, ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತಳು. ಸುಶಾಂತ್ ನಿಂತೇ ಮೌಸ್ ಹಿಡಿದ. ಕೆಂಪು ಉಂಗುರ ಶೀನನ ಬಲಗೆನ್ನೆಯ ಮೇಲೆ ಬಂದು ನಿಂತಿತು.

“ಇದ್?”

ಚಂದು ಕಣ್ಣು ಕಿರಿದು ಮಾಡಿದಳು. ಪರದೆಯ ಹತ್ತಿರ ಹೋದಳು, ಹಿಂದೆ ಸರಿದಳು. ಆಮೇಲೆ ಕಣ್ಣು ಮುಚ್ಚಿ, ಬಲಗೈ ಎತ್ತಿ, ಎದುರಿಗೆ ಯಾರೋ ಕೂತಿರುವ ಹಾಗೆ ಗಾಳಿಯಲ್ಲಿ ಮೆಲ್ಲ ಸವರಿದಳು.

“ಅದ್ ಬೂಸ್ಟ್,” ಎಂದಳು. “ಅಲ್ಲ್ ನುಣ್ಪ್ ಇತ್ತ್. ತೆಗಿ.”

ಉಂಗುರ ಮುಂದೆ ಹೋಯಿತು.

“ಇದ್ ಸಿಡ್ಬಿಂದ್. ಬಿಡ್. ಅದ್ರ್ ಬದಿದೂ ಸಿಡ್ಬೇ. ಇದ್ ಕಸ.” ಕಣ್ಣು ತೆರೆಯುತ್ತ, ಮುಚ್ಚುತ್ತ, ಕೈಯಲ್ಲಿ ಹುಡುಕುತ್ತ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಮೀನು ಮಾರುವಾಗಿನ ಗಂಟಲು ಅವಳಿಗೆ ತಿರುಗಿ ಬಂತು. “ಹೋಯ್, ಗಲ್ಲದ್ದನ್ನ್ ಮುಟ್ಬೇಡ! ಅದ್ ಗಾಳ ಸಿಕ್ಕಿದ್ದ್. ನಾನೇ ಅರ್ಸಿನ ಹಚ್ಚಿದ್ದ್. ಮೀಸಿ ಕಾಣಿ ಇವ್ರದ್ದ್! ಪಟಕ್ಕೆ ಅಂದೇಳಿ ಕತ್ರ್‌ಸ್ಕಂಡ್ ಹೋಯಿರ್. ನನ್ನತ್ರ ಒಂದ್ ಮಾತ್ ಹೇಳ್ಲಿಲ್ಲೆ.”

ಶ್ರೀಲತಾ ಬಾಯಿಗೆ ಸೆರಗು ಒತ್ತಿ ನಕ್ಕಳು. ನಗುತ್ತಲೇ ಕಣ್ಣೀರು ಬಂತು. ಹಿಂದಿನ ಸಂಜೆಯಿಂದ ಅವಳು ಅತ್ತಿರಲಿಲ್ಲ.

“ನನ್ ಮೊಮ್ಮಗ ಸಚಿನ್‌ಕಿಂತ ಸಣ್ಣ್ ಪ್ರಾಯ ಅಲ್ದಾ ಇವ್ರಿಗೆ,” ಎಂದಳು ಚಂದು. “ಈಗ ಬಂದ್ ಎದ್ರಿಗ್ ನಿಂತ್ರೆ ನನ್ನನ್ನ್ ಅಜ್ಜಿ ಅಂಬ್ರೋ ಏನೋ.”

ಅಂಗಳದಲ್ಲಿ ಕಾರು ನಿಂತಿತು. ರತನ್‌ನ ಅಳು ಕೇಳಿಸಿತು. ಶ್ರೀಲತಾ ಎದ್ದು ಓಡಿದಳು. ಫ್ರೀಜರಿನ ಸದ್ದು ನಿಂತಿತು. ಹೆಂಗಸರು ಹೆಣಕ್ಕೆ ಸ್ನಾನ ಮಾಡಿಸಲು ಸೇರಿದರು. ಕೋಣೆಯಲ್ಲಿ ಉಂಗುರ ಒಂದೊಂದೇ ಚುಕ್ಕಿ ದಾಟಿ ಎಡಗಣ್ಣಿನ ಕೆಳಗೆ ಬಂದು ನಿಂತಿತು. ಅದೇ ಕೊನೆಯದು.

“ಸ್ನಾನ ಆಯ್ತ್. ಸಾಕ್, ಏಳಿ,” ಎಂದು ಗುಣಪಾಲ ಶೆಟ್ಟರು ಬಾಗಿಲಿಗೆ ಬಂದರು.

ಚಂದು ಕಣ್ಣು ಮುಚ್ಚಿ ಕೈ ಎತ್ತಿದಳು. ಕೈ ಗಾಳಿಯಲ್ಲೇ ನಿಂತಿತು. ಇನ್ನೊಮ್ಮೆ ಕೆನ್ನೆಯಿಂದ ಮೇಲಕ್ಕೆ ಬಂದಳು. ಅಲ್ಲಿಗೇ ನಿಂತಳು.

“ಇಲ್ಲ್ ಗೊತ್ತಾತಿಲ್ಲೆ,” ಎಂದಳು.

ಸುಶಾಂತ್ ಮೌಸಿನಿಂದ ಬೆರಳು ಎತ್ತಿದ. ಶೆಟ್ಟರೂ ಅವಸರ ಮಾಡಲಿಲ್ಲ.

“ತೆಗಿಕಾ, ಚಂದಕ್ಕ?” ಸುಶಾಂತ್ ಮೆಲ್ಲಗೆ ಕೇಳಿದ.

“ಬೇಡ ಮಗಾ. ಅವ್ರದ್ದ್ ಆಯಿದ್ರೆ ತೆಗ್ದದ್ದ್ ತಪ್ಪಾತ್ತ್. ಬೂಸ್ಟ್ ಆದ್ರೆ ಎಂತ, ಇರ್ಲಿ. ಇಷ್ಟ್ ವರ್ಷ ಅವ್ರ್ ಸಂಗ್ತಿಗೆ ಇದ್ದದ್ದ್ ಅದೇ ಅಲ್ದಾ.”

“ಪ್ರಿಂಟ್ ಈಗ್ಳೇ ತೆಗಿಲಾ?”

“ನಾಳಿಗೆ ಕೊಡ್. ಇವತ್ತ್ ಅಮ್ಮಂದ್.”

ಅಂಗಳದಲ್ಲಿ ಅಮ್ಮಣ್ಣಿಯನ್ನು ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ರತನ್, ಶ್ರೀಲತಾ, ನೆಂಟರು, ನೆರೆಯವರು ಒಬ್ಬೊಬ್ಬರಾಗಿ ಬಗ್ಗಿ ತುಳಸಿ ನೀರು ಬಾಯಿಗೆ ಬಿಟ್ಟರು. ಗುಣಪಾಲ ಶೆಟ್ಟರು ತಂಬಿಗೆ ಹಿಡಿದು ತಲೆಯ ಬಳಿ ಕೂತಿದ್ದರು. ಎಲ್ಲರದೂ ಆದ ಮೇಲೆ ಚಂದು ಬಂದು ಕುಕ್ಕರುಗಾಲಲ್ಲಿ ಕೂತಳು. ಕಿವಿಯ ಹತ್ತಿರ ಬಗ್ಗಿ, “ಮುಗೀತ್ ಅಮ್ಮ,” ಎಂದಳು. ಒಂದು ಚಮಚ ನೀರು ಬಿಟ್ಟಳು. ಏಳದೆ, ಚಮಚವನ್ನು ಮತ್ತೆ ತಂಬಿಗೆಯತ್ತ ಚಾಚಿದಳು.

“ಒಬ್ರದ್ದ್ ಒಂದ್ ಸಾಕ್, ಚಂದು.”

“ಅಮ್ಮಂದ್ ಆಯ್ತ್, ಶೆಟ್ರೆ.”

ಗುಣಪಾಲ ಶೆಟ್ಟರು ಒಮ್ಮೆ ಕಂಪ್ಯೂಟರ್ ಕೋಣೆಯ ಕಡೆ ನೋಡಿದರು. ಅವಳ ಕೈಗೆ ಎಟುಕುವಂತೆ ತಂಬಿಗೆಯನ್ನು ಓರೆ ಮಾಡಿ ಹಿಡಿದರು. ಚಂದು ಎರಡನೆಯ ಚಮಚವನ್ನು ಅಮ್ಮಣ್ಣಿಯ ತುಟಿಯ ಮೇಲೆ ಹನಿ ಹನಿಯಾಗಿ ಬಿಟ್ಟಳು. ನೀರು ಒಳಗೆ ಇಳಿಯದೆ ಕೆನ್ನೆಗುಂಟ ಹರಿದು ಬಾಳೆ ಎಲೆಗೆ ಬಿತ್ತು. ಎಲೆಯ ನಡುದಂಟು ಹಿಡಿದು ಮೆಲ್ಲ ಕೆಳಗಿಳಿಯಿತು. ಅದು ತುದಿ ಮುಟ್ಟಿ ಅಂಗಳದ ಮರಳಿಗೆ ಇಂಗುವ ತನಕ ಅವಳು ಅಲ್ಲೇ ಕೂತಿದ್ದಳು.