ನಿಮ್ಮ ಕರೆ ನಮಗೆ ಅಮೂಲ್ಯ

ಕಂಚಣ್ಣನಿಗೆ ಆ ಹೆಸರಿಟ್ಟವನು ಹೆಂಡತಿಯ ತಮ್ಮ. ಮದುವೆಯಲ್ಲಿ ಯಾರೋ ಹಿರಿಯರು "ಹುಡುಗನದು ಕಂಚಿನ ಕಂಠ" ಎಂದು ಹೊಗಳಿದ್ದನ್ನು ಕೇಳಿಸಿಕೊಂಡು ಭಾವನನ್ನು ಹಾಗೆ ಕರೆದ, ಅದೇ ನಿಂತುಬಿಟ್ಟಿತು. ಅದು ಗೇಲಿ ಎಂದು ಕಂಚಣ್ಣನಿಗೆ ಬಹಳ ಕಾಲ ಹೊಳೆಯಲೇ ಇಲ್ಲ. ಹೊಳೆದ ಮೇಲೂ ಒಳಗೊಳಗೇ ಖುಷಿಪಟ್ಟ. ದೇವರು ಅವನಿಗೆ ಎತ್ತರ ಕೊಡಲಿಲ್ಲ, ಕೂದಲನ್ನು ಕೊಟ್ಟಂತೆ ಮಾಡಿ ವಾಪಸು ಕಿತ್ತುಕೊಂಡ, ದನಿಯನ್ನು ಮಾತ್ರ ಯಾವನೋ ಆರಡಿ ಆಳಿಗೆ ಹೊಲಿದದ್ದನ್ನು ಇವನಿಗೆ ತೊಡಿಸಿ ಕಳಿಸಿದ. ಫೋನಿನಲ್ಲಿ ಮಾತಾಡಿ ಆಮೇಲೆ ಎದುರು ಸಿಕ್ಕವರು ಇವನ ಬೆನ್ನ ಹಿಂದೆ ಇನ್ನೊಬ್ಬರು ಇದ್ದಾರೇನೋ ಎಂದು ಇಣುಕುತ್ತಿದ್ದರು.

ಆ ದನಿಯೇ ಅವನ ಕಸುಬು. ಲಿಫ್ಟಿನೊಳಗೆ ಬಾಗಿಲು ಮುಚ್ಚುತ್ತಿದೆ ಎಂದು ಎಚ್ಚರಿಸಿದ್ದ, ಬಣ್ಣದ ಡಬ್ಬಿಗಳನ್ನು ಹೊಗಳಿದ್ದ, ಈಚೆಗೆ ಒಂದು ಸ್ಟುಡಿಯೋದಲ್ಲಿ ಕೂತು ಕೇಳುಪುಸ್ತಕಗಳನ್ನು ಓದುತ್ತಿದ್ದ. ಸ್ಟುಡಿಯೋದವರು ಬಾಡಿಗೆ ಕಟ್ಟಲಾರದೆ ಕೋಣೆಗಳನ್ನು ಖಾಲಿ ಮಾಡಿದರು. ಇನ್ನು ಮುಂದೆ ಓದುವವರು ಅವರವರ ಮನೆಯಿಂದಲೇ ಓದಬೇಕು, ನಿರ್ದೇಶಕಿ ಇನ್ನೆಲ್ಲೋ ಕೂತು ಆಗಿಂದಾಗಲೇ ಕೇಳಿ ತಿದ್ದುತ್ತಾಳೆ ಎಂದಾಯಿತು. ಈಗ ಒಂದು ದಪ್ಪ ಕಾದಂಬರಿ ಬಂದಿತ್ತು, ತಿಂಗಳುಗಟ್ಟಲೆ ಕೆಲಸ. ಶುಕ್ರವಾರ ಒಂದು ಪರೀಕ್ಷೆಯ ಓದು. ಮನೆಯಲ್ಲಿ ಕಡಿದುಹೋಗದ, ವೇಗದ ನೆಟ್ ಇರಲೇಬೇಕು, ಇಲ್ಲದವರ ಹೆಸರು ಪಟ್ಟಿಯಿಂದ ಹೊರಗೆ.

ಅದು ಕೈತಪ್ಪಿದರೆ ಭಾಮೈದನ ಹಾಸಿಗೆ ಅಂಗಡಿ ಕಾದಿತ್ತು. "ಭಾವ, ಕೌಂಟರಲ್ಲಿ ಕೂತು 'ಒಮ್ಮೆ ಮಲಗಿ ನೋಡಿ' ಅಂತ ನೀವು ಅಂದ್ರೆ ಸಾಕು, ಜನ ಅಲ್ಲೇ ಗೊರಕೆ ಹೊಡೀತಾರೆ," ಎಂದು ಅವನು ಆಗಲೇ ಹೇಳಿಯೂ ಆಗಿತ್ತು. 

ಎರಡನೇ ಮಹಡಿಯ ಆ ಬಾಡಿಗೆ ಮನೆಯಲ್ಲಿ ಫೋನಿನ ನೆಟ್ ಸಿಗುತ್ತಿದ್ದದ್ದು ಅಡುಗೆಮನೆಯ ಒಂದೇ ಮೂಲೆಯಲ್ಲಿ, ಅದೂ ಫ್ರಿಜ್ಜಿಗೆ ಒರಗಿ ನಿಂತರೆ. ಫ್ರಿಜ್ಜೋ ಮುದಿಯಾಗಿತ್ತು, ಸದಾ ಗೊಣಗುತ್ತಿತ್ತು. ಅದರ ಪಕ್ಕ ನಿಂತು ಕಾದಂಬರಿ ಓದುವಂತಿರಲಿಲ್ಲ.

"ನಾನು ಕಂಪನಿಗೆ ಫೋನ್ ಮಾಡ್ಲಾ?" ಎಂದು ಹೆಂಡತಿ ಕೇಳಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಸದ್ಯಕ್ಕೆ ಮನೆ ನಡೆಯುತ್ತಿದ್ದದ್ದೂ ಅವಳ ಸಂಬಳದಲ್ಲೇ.

"ಬೇಡ. ಆ ಕಂಪನಿಯವರು ನನಗೆ ಬೇಕಾದವರು," ಎಂದ ಕಂಚಣ್ಣ.

ಬೇಕಾದವರು ಎಂದರೆ ಇಷ್ಟೇ. ಕೆಲವು ವರ್ಷಗಳ ಹಿಂದೆ ಆ ಬ್ರಾಡ್‌ಬ್ಯಾಂಡ್ ಕಂಪನಿಗೆ, ಫೋನ್ ಮಾಡಿದವರನ್ನು ಕಾಯಿಸುವಾಗ ಕೇಳಿಸುವ ಮಾತಿಗೆ ದನಿ ಕೊಟ್ಟವನು ಇವನೇ. ಕಂಪನಿಗೆ ಇವನ ಹೆಸರೂ ಗೊತ್ತಿರಲಿಲ್ಲ. ಇವನು ಮಾತ್ರ ಅದನ್ನು ಬೀಗರ ಮನೆ ಎಂದುಕೊಂಡಿದ್ದ.

ಫೋನ್ ಹಚ್ಚಿದ. "ನಿಮ್ಮ ಕರೆ ನಮಗೆ... ಅಮೂಲ್ಯ. ದಯವಿಟ್ಟು ಕಾಯುತ್ತಿರಿ." ಕಂಚಣ್ಣನ ಮುಖ ಅರಳಿತು. ಹೆಂಡತಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ಅಮೂಲ್ಯಕ್ಕೆ ಮೊದಲು ಅರೆಗಳಿಗೆ ನಿಲ್ಲುತ್ತಾನಲ್ಲ, ಅದು ಅವನದೇ ಸ್ವಂತ ಕಲ್ಪನೆ. ರೆಕಾರ್ಡ್ ಮಾಡಿಕೊಂಡವನು ಆ ದಿನ ತಲೆದೂಗಿದ್ದ. ಹೆಂಡತಿ ಒಂದು ಸಲ ಕೇಳಿ, ಎರಡು ಸಲ ಕೇಳಿ, ಕೈಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೊರಟುಹೋದಳು. ಕಂಚಣ್ಣ ಫ್ರಿಜ್ಜಿಗೆ ಒರಗಿ ನಿಂತೇ ಇದ್ದ. ಕಾಲು ಜೋಮು ಹಿಡಿಯುವ ಹೊತ್ತಿಗೆ ಆ ಅರೆಗಳಿಗೆಯ ಮೌನ ಮೈಮೇಲೆ ಇರುವೆ ಹರಿದಂತೆ ಆಗತೊಡಗಿತು. ಅಮೂಲ್ಯವಾದರೆ ಎತ್ತಿಕೊಳ್ಳೋ ಮಾರಾಯ, ಎಂದು ಅವನು ತನ್ನನ್ನೇ ಬೈದುಕೊಂಡ.

ಕೊನೆಗೆ ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು. "ನಮಸ್ಕಾರ, ಹೇಳಿ."

ಕಂಚಣ್ಣ ಗಂಟಲು ಸರಿಮಾಡಿಕೊಂಡು, ಹೊಟ್ಟೆಯಾಳದಿಂದ ಕಂಚನ್ನು ಎತ್ತಿ ತಂದ. "ನಮಸ್ಕಾರ. ನಮ್ಮ ಮನೆಗೆ ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕದ ಅಗತ್ಯವಿದೆ."

ಆ ಕಡೆ ಆಕೆ ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಲೈನ್ ಇನ್ನೂ ಬಂದಿಲ್ಲ ಕಣೇ, ಆ ರೆಕಾರ್ಡಿಂಗೇ ಓಡ್ತಾ ಇದೆ." ಫೋನ್ ಕಡಿದುಹೋಯಿತು.

ಮತ್ತೆ ಮಾಡಿದ. ಮತ್ತೆ ತನ್ನದೇ ಉಪದೇಶ ಕೇಳಿಕೊಂಡು ನಿಂತ. ಈ ಸಲ ಹುಷಾರಾಗಿ, ಎತ್ತಿಕೊಂಡ ಕೂಡಲೇ ಹೇಳಿದ: "ದಯವಿಟ್ಟು ಗಮನಿಸಿ. ನಾನು ರೆಕಾರ್ಡಿಂಗ್ ಅಲ್ಲ. ನಾನು ಒಬ್ಬ ಗ್ರಾಹಕ."

"ಅಯ್ಯೋ, ಇದೇನೋ ಹೊಸ ಮೆಸೇಜ್ ಹಾಕಿದಾರೆ," ಎಂದಳು ಅವಳು ಬೇಸರದಿಂದ, ಮತ್ತು ಇಟ್ಟುಬಿಟ್ಟಳು.

ಸಂಜೆ ಹೆಂಡತಿ "ಏನಾಯ್ತು?" ಎಂದು ಕೇಳಿದಾಗ "ಮಾತುಕತೆ ನಡೀತಿದೆ" ಎಂದ. ನಿಜ ಹೇಳುವುದುಂಟೆ? ಹೇಳಿದ್ದರೆ ಅದು ಅವತ್ತೇ ಹಾಸಿಗೆ ಅಂಗಡಿಗೆ ಮುಟ್ಟಿ, ಭಾಮೈದನ ಮೊಮ್ಮಕ್ಕಳ ಕಾಲದವರೆಗೂ ಓಡುತ್ತಿತ್ತು.

ಮರುದಿನ ಬೆಳಿಗ್ಗೆ ಫೋನನ್ನು ಫ್ರಿಜ್ಜಿನ ಮೇಲಿಟ್ಟು, ಹೇಗೂ ಕಾಯುವುದು ಇದ್ದೇ ಇದೆಯಲ್ಲ ಎಂದು ಹಲ್ಲುಜ್ಜುತ್ತ ನಿಂತಿದ್ದ. ಗ್ರಹಚಾರಕ್ಕೆ ಅವತ್ತು ತಕ್ಷಣ ಎತ್ತಿಕೊಂಡರು. ಬಾಯಿತುಂಬ ನೊರೆ. ಉಗುಳಿ ಬರುವಷ್ಟರಲ್ಲಿ ಇಟ್ಟುಬಿಟ್ಟಾರು ಎಂಬ ಭಯಕ್ಕೆ ಹಾಗೇ ಬಡಬಡಿಸಿದ: "ಮನೆಗ್ ನೆತ್ ಬೇಕಿತ್ತಮ್ಮಾ, ಬೇಗ, ಗುಉವಾರದೊಳಗೆ."

"ಸಾರ್, ಹಲ್ಲು ಕೀಳಿಸಿದ್ದೀರಾ? ಪಾಪ, ನಿಧಾನಕ್ಕೆ ಹೇಳಿ, ಪರವಾಗಿಲ್ಲ," ಎಂದಳು ಆಕೆ. ಅಷ್ಟು ಪ್ರೀತಿಯಿಂದ ಅವನೊಂದಿಗೆ ಯಾವ ಕಚೇರಿಯವರೂ ಈವರೆಗೆ ಮಾತಾಡಿರಲಿಲ್ಲ. ವಿಳಾಸ ಬರೆದುಕೊಂಡಳು, ಗುರುವಾರ ಮಧ್ಯಾಹ್ನ ಆಳು ಕಳಿಸುತ್ತೇನೆಂದಳು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲು ಹೇಳಿದಳು. ಉಗುಳಿದರೆ ಕಂಚು ವಾಪಸು ಬಂದೀತೆಂದು ಕಂಚಣ್ಣ ಅಷ್ಟೂ ನೊರೆಯನ್ನು ನುಂಗಿಕೊಂಡ.

ಇನ್ನು ಉಳಿದದ್ದು ತೂತು. ತಂತಿ ಒಳಗೆ ಬರಲು ಕಿಟಕಿಯ ಮೇಲೆ ಬೆರಳು ಹಿಡಿಸುವಷ್ಟು ತೂತು ಕೊರೆಯಬೇಕು, ಮನೆಯೊಡತಿಯ ಒಪ್ಪಿಗೆ ಬೇಕು. ಆಕೆ ಕೆಳಗಿನ ಮನೆಯಲ್ಲೇ ಇದ್ದಳು. ಗೋಡೆಗೆ ಹೊಸ ಬಣ್ಣ ಬಳಿಸಿದಂದಿನಿಂದ ಬಾಡಿಗೆದಾರರನ್ನು ಕಂಡರೆ ಮೊದಲು ಅವರ ಕೈಯಲ್ಲಿ ಮೊಳೆ ಇದೆಯೇ ಎಂದು ನೋಡುತ್ತಿದ್ದಳು. ಇಂಥ ಕಡೆ ಕಂಚೇ ಸರಿ ಎಂದು ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದುಹೋದ.

"ಈ ದನಿ ಎಲ್ಲೋ ಕೇಳಿದೀನಲ್ಲ," ಎಂದಳು ಮನೆಯೊಡತಿ, ತಲೆ ಓರೆಮಾಡಿ.

ಅಷ್ಟು ಸಾಕಾಯಿತು. ಕಂಚಣ್ಣ ಉಬ್ಬಿಹೋದ. ಬಾಗಿಲಲ್ಲೇ ನಿಂತು, ಒಂದು ಕೈ ಎದೆಯ ಮೇಲಿಟ್ಟು, "ನಿಮ್ಮ ಕರೆ ನಮಗೆ... ಅಮೂಲ್ಯ," ಎಂದು ಹೇಳಿಯೇ ತೋರಿಸಿದ.

ಆಕೆಯ ಮುಖ ಕಪ್ಪಿಟ್ಟಿತು. "ಓಹೋ, ಅದು ನೀವೇನಾ? ಹೋದ ವರ್ಷ ನನ್ನ ಲೈನ್ ಸತ್ತುಹೋದಾಗ ಮಧ್ಯಾಹ್ನ ಪೂರ್ತಿ ಕಿವಿಗೆ ಫೋನ್ ಹಿಡಿದು ಕೂತಿದ್ದೆ. ಒಲೆ ಮೇಲಿಟ್ಟ ಅನ್ನ ಸೀದುಹೋಯ್ತು. ನೀವು ಮಾತ್ರ ಅದೇ ರಾಗ. ತೂತಿನ ವಿಷಯ ಯೋಚನೆ ಮಾಡಿ ಹೇಳ್ತೀನಿ. ಅಲ್ಲೀವರೆಗೆ ನೀವೂ ಕಾಯ್ತಾ ಇರಿ."

ಅವನು ಮೆಟ್ಟಿಲು ಹತ್ತಿ ಬಂದು ಮುಖ ಸಪ್ಪಗೆ ಮಾಡಿಕೊಂಡು ಕೂತ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳಲೂ ಒಂದು ಪ್ರತಿಭೆ ಬೇಕು, ಅದು ತನ್ನಲ್ಲಿ ಧಾರಾಳವಾಗಿದೆ ಎಂದು ಒಪ್ಪಿಕೊಂಡ. ಹೆಂಡತಿ ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋದಳು. ಹೋದಷ್ಟೇ ಬೇಗ ಬಂದಳು. "ಕೊರೀಬಹುದಂತೆ. ಮನೆ ಬಿಡುವಾಗ ಮುಚ್ಚಿಸಿ ಬಣ್ಣ ಹೊಡೆಸ್ಬೇಕಂತೆ."

"ಏನಂತ ಹೇಳಿದೆ?"

"ಏನಿಲ್ಲ. ಕೇಳ್ದೆ."

ಗುರುವಾರ ಮಧ್ಯಾಹ್ನ ಬರಬೇಕಾದ ತಂತಿಯವನು ಕತ್ತಲಾಗುವ ಹೊತ್ತಿಗೆ ಬಂದ. ನಡುವಯಸ್ಸಿನ, ಸೊಂಟನೋವಿನ ಮನುಷ್ಯ. ಏಣಿಯನ್ನೂ ಜಗತ್ತನ್ನೂ ಒಟ್ಟಿಗೇ ಬೈಯುತ್ತಿದ್ದ. ಗೋಡೆ ಕೊರೆದ, ತಂತಿ ತೂರಿಸಿದ, ಬಿಳಿ ಡಬ್ಬಿಯೊಂದನ್ನು ನೇತುಹಾಕಿದ. ಡಬ್ಬಿಯ ದೀಪ ಕೆಂಪಗೇ ಇತ್ತು. ಅದು ಹಸಿರಾಗಬೇಕಾದರೆ ಕಂಪನಿಗೆ ಫೋನ್ ಮಾಡಿ ಲೈನ್ ತೆರೆಸಬೇಕು, ತಮಗೂ ಬೇರೆ ದಾರಿಯಿಲ್ಲ ಎಂದು ಫೋನ್ ಹಚ್ಚಿ ಮೇಜಿನ ಮೇಲಿಟ್ಟ.

"ನಿಮ್ಮ ಕರೆ ನಮಗೆ... ಅಮೂಲ್ಯ."

"ಬಂದ ನೋಡಿ," ಎಂದ ತಂತಿಯವನು. "ಈ ಮಹಾನುಭಾವನ ಮಾತು ಕೇಳಿ ಕೇಳಿ ನನಗೆ ಬಿಪಿ ಬಂದಿದೆ. ದಿನಾ ಹತ್ತು ಮನೇಲಿ ಇವನ ಪುರಾಣ. ಎಲ್ಲಾದ್ರೂ ಎದುರು ಸಿಗ್ಲಿ, ಇದೇ ತಂತೀಲಿ ಸುತ್ತಿ ಕಂಬಕ್ಕೆ ಕಟ್ತೀನಿ."

ಕಂಚಣ್ಣ ತಂತಿಯ ಸುರುಳಿಯನ್ನೊಮ್ಮೆ ನೋಡಿ ಬಾಯಿಗೆ ಬೀಗ ಹಾಕಿಕೊಂಡ. ನೀರು ಬೇಕೇ ಎಂದು ಸನ್ನೆಯಲ್ಲಿ ಕೇಳಿದ, ಕುರ್ಚಿ ತೋರಿಸಿದ, ಹೌದು ಎಂದು ತಲೆಯಾಡಿಸಿದ. ತಂತಿಯವನಿಗೆ ಕರುಳು ಚುರ್ ಎಂದಿರಬೇಕು. ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದ: "ಪಾಪ, ಯಜಮಾನರಿಗೆ ಮಾತು ಬರಲ್ವಾ?"

"ಬರುತ್ತೆ," ಎಂದಳು ಅವಳು ನಗು ತಡೆದುಕೊಂಡು. "ಕೆಲಸಕ್ಕೆ ಅಂತ ಎತ್ತಿಟ್ಟಿರ್ತಾರೆ."

ದೀಪ ಹಸಿರಾಯಿತು. ತಂತಿಯವನು ಕಂಚಣ್ಣನ ಬೆನ್ನು ತಟ್ಟಿ ಹೊರಟುಹೋದ.

ಶುಕ್ರವಾರ ಬೆಳಿಗ್ಗೆ ಅವನು ಸದ್ದು ಮಾರ್ದನಿಸದಿರಲೆಂದು ಮಲಗುವ ಕೋಣೆಯ ಬಾಗಿಲಿಗೆ ರಜಾಯಿ ನೇತುಹಾಕಿ, ಬಟ್ಟೆಯ ಬೀರುವನ್ನು ಬಾಯಿ ತೆರೆದಿಟ್ಟು, ಅದರ ಮುಂದೆ ಮೈಕ್ ಇಟ್ಟುಕೊಂಡು ಕೂತ. ಕಿವಿಗೆ ಹೆಡ್‌ಫೋನ್. ನೆಟ್ ನೀರು ಹರಿದಂತೆ ಹರಿಯುತ್ತಿತ್ತು. ನಿರ್ದೇಶಕಿಯ ಉಸಿರೂ ಕೇಳಿಸುತ್ತಿತ್ತು. ಓದಬೇಕಾದ ಪುಟದಲ್ಲಿ ಒಬ್ಬ ಗಂಡ, ಜಗಳ ಆಡಿ ಎದ್ದುಹೋಗುತ್ತಿರುವ ಹೆಂಡತಿಯನ್ನು ಕರೆಯುತ್ತಾನೆ. ಕಂಚಣ್ಣ ಬೆನ್ನು ನೆಟ್ಟಗೆ ಮಾಡಿ, ಜನ್ಮದಲ್ಲಿ ಓದದಷ್ಟು ಚೆನ್ನಾಗಿ ಓದಿದ.

"ಸಾರ್, ತಪ್ಪು ತಿಳ್ಕೋಬೇಡಿ," ಎಂದಳು ನಿರ್ದೇಶಕಿ. "ದನಿ ತುಂಬಾ ಚೆನ್ನಾಗಿದೆ. ಆದ್ರೆ ಕೇಳ್ತಾ ಕೇಳ್ತಾ ಯಾಕೋ ಲೈನ್ ಕಟ್ ಮಾಡಿಬಿಡೋಣ ಅನ್ಸುತ್ತೆ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ. ಇನ್ನೊಂದು ಥರ ಪ್ರಯತ್ನ ಮಾಡ್ತೀರಾ?"

ಯಾಕೆಂದು ಅವನಿಗೆ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ. ಇನ್ನೊಂದು ಥರ ಎಂದರೆ ಅವನಿಗೆ ಬರುತ್ತಿದ್ದದ್ದು ಇನ್ನೂ ಆಳಕ್ಕೆ ಇಳಿಯುವುದೊಂದೇ. ಇಳಿದ. ಓದಿ ಮುಗಿಸಿದ. ಆ ಕಡೆಯಿಂದ ಸದ್ದಿಲ್ಲ. ಉಸಿರೂ ಇಲ್ಲ. ನೆಟ್ ಹೋಯಿತು, ಎಲ್ಲ ಹೋಯಿತು, ಹಾಸಿಗೆ ಅಂಗಡಿಯೇ ಗತಿ ಎಂದು ಅನ್ನಿಸಿದ್ದೇ ತಡ, ಬೆನ್ನು ಬಾಗಿತು, ಕಂಚನ್ನು ಎತ್ತಿ ತರುವುದು ಮರೆತೇಹೋಯಿತು.

"ಹಲೋ? ಹಲೋ, ಇದ್ದೀರಾ? ಕೇಳಿಸ್ತಿದೆಯಾ? ಹೋಗ್ಬೇಡಿ ಮೇಡಂ. ನೋಡಿ, ನನಗೆ ಇದು ಬಿಟ್ರೆ ಬೇರೆ ಏನೂ ಬರಲ್ಲ."

ಅದು ತೆಳ್ಳಗಿನ ದನಿ, ಸ್ವಲ್ಪ ಮೂಗಿನಿಂದ ಬರುವಂಥದ್ದು, ತುದಿಯಲ್ಲಿ ಒಡೆದದ್ದು. ಹುಟ್ಟಿದಂದಿನಿಂದ ಇದ್ದದ್ದು ಅದೇ. ಕಂಚು ದೇವರು ತೊಡಿಸಿದ್ದೇನಲ್ಲ, ಜಂಭಕ್ಕೆ ತಾನೇ ಹೊಲಿದುಕೊಂಡು ಇದನ್ನು ಅದುಮಿಟ್ಟುಕೊಂಡು ಬಂದಿದ್ದ.

"ಇಲ್ಲೇ ಇದ್ದೀನಿ ಸಾರ್. ನೆಟ್ ಚೆನ್ನಾಗೇ ಇದೆ, ನಾನೇ ಯೋಚನೆ ಮಾಡ್ತಿದ್ದೆ," ಎಂದಳು ನಿರ್ದೇಶಕಿ. "ಈಗ ಮಾತಾಡಿದ್ರಲ್ಲ, ಅದು ಯಾರ ದನಿ?"

ಕಂಚಣ್ಣನ ಕಿವಿ ಬಿಸಿಯಾಯಿತು. ಬಟ್ಟೆಯಿಲ್ಲದೆ ಬೀದಿಗೆ ಬಂದಷ್ಟು ನಾಚಿಕೆ. "ನಂದೇ," ಎಂದ.

"ಅದರಲ್ಲೇ ಓದಿ."

ಅವನು ಪುಟವನ್ನು ಹತ್ತಿರ ಎಳೆದುಕೊಂಡ. ಈ ದನಿಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು, ಒಂದೂ ಗೊತ್ತಿರಲಿಲ್ಲ. ತಡವರಿಸುತ್ತಲೇ ಓದಿದ: "ಏ, ಬಾರೇ ಇಲ್ಲಿ. ಸ್ವಲ್ಪ ಹೊತ್ತು ಕೂತ್ಕೋ. ನೀನು ಎದ್ದುಹೋದ್ರೆ ನನಗೆ ಕೈಕಾಲೇ ಆಡಲ್ಲ."

ರಜಾಯಿ ಸರಿಯಿತು. ಕೆಲಸಕ್ಕೆ ಹೊರಡುವ ಸೀರೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಹೆಂಡತಿ ಬಂದು ನಿಂತಿದ್ದಳು. ಮುಖದಲ್ಲಿ ಗಾಬರಿ. "ಯಾಕ್ರೀ, ಏನಾಯ್ತು? ಕರೆದ್ರಾ?"

ಆಗ ಕಂಚಣ್ಣನಿಗೆ ತಿಳಿಯಿತು. ಮದುವೆಯಾದಂದಿನಿಂದ ಅವಳನ್ನು ಅವನು ಒಂದು ಸಲವೂ ಹಾಗೆ ಕರೆದಿರಲಿಲ್ಲ. ಮನೆಯಲ್ಲೂ ಅದೇ ಕಂಚು, ಅದೇ ಪ್ರಕಟಣೆ: ಊಟಕ್ಕೆ ಬಡಿಸಬಹುದು, ಬಾಗಿಲು ಹಾಕಿಕೊಳ್ಳಬಹುದು. ಆದರೂ ಮೊದಲ ಸಲ ಕೇಳಿದ ದನಿಗೆ ಅವಳು ಓಡಿ ಬಂದಿದ್ದಳು. ಅವನಿಗೆ ಅಳು ಬಂತು, ಮೈಕ್ ಮುಂದೆ ಕೂತಿದ್ದರಿಂದ ತಡೆದುಕೊಂಡ.

"ಯಾರು ಸಾರ್ ಅದು?" ಎಂದಳು ನಿರ್ದೇಶಕಿ ಕಿವಿಯಲ್ಲಿ.

"ನನ್ನ ಹೆಂಡತಿ. ಅವಳನ್ನ ಕರೆದೆ ಅಂದ್ಕೊಂಡು ಬಂದ್ಲು."

"ಬಂದ್ರಲ್ಲ, ಹಾಗಾದ್ರೆ ಸರಿಯಾಗಿದೆ. ಕೆಲಸ ನಿಮಗೇ. ಸೋಮವಾರ ಶುರು ಮಾಡೋಣ," ಎಂದು ಆಕೆ ಲೈನ್ ಕಟ್ ಮಾಡಿದಳು.

ಹೆಂಡತಿಗೆ ಈಗ ಮೈಕು, ಪುಟ, ತೆರೆದ ಬೀರು ಎಲ್ಲ ಕಣ್ಣಿಗೆ ಬಿದ್ದವು. "ಓ, ಓದ್ತಾ ಇದ್ರಾ," ಎಂದಳು, ಸ್ವಲ್ಪ ಪೆಚ್ಚಾಗಿ. "ನನ್ನ ಕರೆದಿದ್ದಲ್ಲ." ಹೇಳಿ ರಜಾಯಿಯ ಕಡೆ ತಿರುಗಿದಳು.

ಕಂಚಣ್ಣ ಹೆಡ್‌ಫೋನ್ ಕಿತ್ತಿಟ್ಟ. ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಳ್ಳಲು ಹೋಗಿ, ಬಿಟ್ಟ.

"ಈಗ ಕರೀತಿದ್ದೀನಿ," ಎಂದ.

"ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ," ಎಂದಳು ಅವಳು. ಆದರೂ ಬಂದು ಕೂತಳು.