ಅಕ್ಕನ ಮೆಷಿನ್ನಿನ ಸವಕಳಿ

"ಮಾಮ, ಈ ಫ್ಯಾನು ನಿಂದಾ, ಓನರ್‌ದಾ?"

ಸ್ಟೂಲಿನ ಮೇಲೆ ನಿಂತಿದ್ದ ಅಕ್ಕನ ಮಗಳು ಕೇಳಿದಳು. ಅವಳ ಕೈಯಲ್ಲಿ ಎರಡು ಬಣ್ಣದ ಚೀಟಿಗಳಿದ್ದವು. ಬೀಳದ ಹಾಗೆ ಸ್ಟೂಲು ಹಿಡಿದು ನಿಂತಿದ್ದ, ಪುಸ್ತಕ ಕಟ್ಟುವ ಅಂಗಡಿಯ ಬೈಂಡರ್ ತಲೆಯೆತ್ತಿ, "ಸದ್ದು ಜಾಸ್ತಿ, ಗಾಳಿ ಕಮ್ಮಿ ಅಂದ್ರೆ ಓನರ್‌ದೇ," ಅಂದ. ಅವಳು ನಗಲಿಲ್ಲ. ಬಿಳಿ ಚೀಟಿ ಅಂಟಿಸಿ ಕೆಳಗಿಳಿದಳು.

ಬಿಳಿ ಅಂದರೆ ಕಟ್ಟಡದ ಮಾಲೀಕರದ್ದು, ಹಳದಿ ಅಂದರೆ ಅಂಗಡಿಯದ್ದು. ಜಾಗ ಬಾಡಿಗೆಯದಾದರೇನಂತೆ, ಒಳಗೆ ಸ್ವಂತ ದುಡ್ಡಿನಲ್ಲಿ ತಂದಿಟ್ಟ ಸಾಮಾನು ವರ್ಷ ವರ್ಷವೂ ಸವೆಯುತ್ತದಲ್ಲ, ಆ ಸವಕಳಿಯನ್ನು ಆದಾಯದಲ್ಲಿ ಕಳೆದು ತೆರಿಗೆ ಕಟ್ಟಬಹುದು ಅಂತ ಅವಳು ಹೇಳಿದ್ದಳು. ಇಪ್ಪತ್ತಾರು ವರ್ಷ ಊರವರ ಲೆಕ್ಕದ ಪುಸ್ತಕಗಳನ್ನೆಲ್ಲ ಕಟ್ಟಿಕೊಟ್ಟವನಿಗೆ ಇದೊಂದು ಗೊತ್ತಿರಲಿಲ್ಲ. ಮೊನ್ನೆ ಮೊನ್ನೆ ಪರೀಕ್ಷೆ ಪಾಸು ಮಾಡಿ ಲೆಕ್ಕಪತ್ರದ ಕೆಲಸ ಹಿಡಿದವಳು ಬಂದು ಹೇಳಬೇಕಾಯಿತು. ಆವತ್ತಿನಿಂದ ಅವನು ಅವಳನ್ನು ಆಫೀಸರಮ್ಮ ಅಂತಲೇ ಕರೆಯುತ್ತಿದ್ದ.

"ಈ ಮರದ ಅಟ್ಟ?"

"ನಾನೇ ಹಾಕಿಸಿದ್ದು. ಚೌಕಾಸಿ ಮಾಡಿದ್ದಕ್ಕೆ ಬಡಗಿ ಇನ್ನೂ ಎದುರು ಸಿಕ್ಕಿದಾಗೆಲ್ಲ ಬೈತಾನೆ."

ಹಳದಿ. ಕಟಿಂಗ್ ಮೆಷಿನ್‌ಗೆ ಹಳದಿ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್‌ಗೆ ಹಳದಿ, ಅಂಟಿನ ಕಲೆ ಹತ್ತಿ ಹತ್ತಿ ಮರವೇ ಕಾಣದಂತಾದ ಮೇಜಿಗೂ ಹಳದಿ. ಬೈಂಡರ್‌ಗೆ ಒಳಗೊಳಗೇ ಹಿಗ್ಗು. ಇಷ್ಟೊಂದು ಆಸ್ತಿ ತನಗಿದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಕಿಟಕಿ ಪಕ್ಕದ ಮೂಲೆಗೆ ಬಂದು ಅವಳು ಮುಸುಕು ಸರಿಸಿದಳು. ರಿಜಿಸ್ಟರ್‌ಗಳ ಅಂಚು ಹೊಲಿಯುವ ದಪ್ಪ ಹೊಲಿಗೆ ಮೆಷಿನ್. ಅವಳ ಅಮ್ಮ, ಅಂದರೆ ಬೈಂಡರನ ಅಕ್ಕ, ಅಂಗಡಿ ಶುರುವಾದ ದಿನದಿಂದ ಕೂತಿದ್ದ ಜಾಗ ಅದು.

"ಇದು ಈ ವರ್ಷ ಕೆಲಸ ಮಾಡಿದೆಯಾ ಮಾಮ?"

"ದಿನಾ ಎಣ್ಣೆ ಹಾಕ್ತೀನಿ."

"ಎಣ್ಣೆ ಕುಡಿಯೋದು ಕೆಲಸ ಅಲ್ಲ. ವರ್ಷದಲ್ಲಿ ಒಂದು ದಿನಾನೂ ದುಡಿಯದೆ ಇರೋದಕ್ಕೆ ಸವಕಳಿ ಕೇಳೋ ಹಾಗಿಲ್ಲ. ಅಮ್ಮ ಬಿಟ್ಟು ಹದಿಮೂರು ತಿಂಗಳಾಯ್ತು."

"ದುಡಿದಿದೆ ಅಂತ ಬರ್ಕೋ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ." ಅವಳು ಹಳದಿ ಚೀಟಿ ಅಂಟಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. "ಹಿಂದಿನ ಬೀದಿಯವರು ಇದನ್ನ ಕೊಳ್ಳೋಕೆ ಕೇಳ್ತಿದಾರೆ ಅಂತ ನೀನೇ ಅಂದಿದ್ದೆ. ಕೊಟ್ಟುಬಿಡು. ಸುಮ್ನೆ ಕೂತಿರೋ ಮೆಷಿನ್‌ಗೂ ನೀನು ಜಾಗದ ಬಾಡಿಗೆ ಕಟ್ತಿದೀಯ. ಅಮ್ಮಾನೂ ಇನ್ನು ಬರಲ್ಲ, ಕೈ ನಡುಗುತ್ತೆ ಅಂತಾಳೆ. ಲೆಕ್ಕದ ವರ್ಷ ಮುಗಿಯೋಕೆ ಮೂರು ದಿನ ಇದೆ. ಯೋಚನೆ ಮಾಡು."

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅವನಿಗೆ ಸಂಕಟವಾದದ್ದೂ ಅದಕ್ಕೇ. ಆ ಮೆಷಿನ್ ಅಂಗಡಿ ಸಾಮಾನಿನ ಪಟ್ಟಿಯಿಂದ ಹೋದರೆ ಅಕ್ಕ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ.

ಅಕ್ಕ ಬಿಟ್ಟದ್ದು ಕೈ ನಡುಕದಿಂದಲ್ಲ. ಅದು ಅವನೊಬ್ಬನಿಗೇ ಗೊತ್ತು. ಶಾಲೆಯೊಂದರ ನಲವತ್ತು ಹಾಜರಿ ಪುಸ್ತಕಗಳಿಗೆ ಅವಳು ಹಾಕಿದ್ದ ಹೊಲಿಗೆ ಸೊಟ್ಟಗಾಗಿತ್ತು. ಅವಳು ಮನೆಗೆ ಹೋದ ಮೇಲೆ ಅವನು ಒಂದೊಂದನ್ನೇ ಬಿಚ್ಚಿ, ತಾನೇ ಕೈಯಲ್ಲಿ ನೇರವಾಗಿ ಹೊಲಿದು, ರಟ್ಟು ಹಾಕಿ ಕೊಟ್ಟುಬಿಟ್ಟಿದ್ದ. ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ತುಟಿಪಿಟಕ್ಕೆನ್ನಲಿಲ್ಲ. ಒಂದು ಪುಸ್ತಕದ ರಟ್ಟು ಕಿತ್ತು ರಿಪೇರಿಗೆ ವಾಪಸ್ ಬಂದಾಗ ಅದು ಸಿಕ್ಕಿದ್ದು ಅಕ್ಕನ ಕೈಗೇ. ನೇರ ಹೊಲಿಗೆಯ ಪಕ್ಕದಲ್ಲಿ ಖಾಲಿ ತೂತುಗಳ ಇನ್ನೊಂದು ಸಾಲು ಸೊಟ್ಟಗೆ ಹೋಗಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟು, ಮೆಷಿನ್‌ಗೆ ಮುಸುಕು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಒಂದೇ ಒಂದು ಮಾತು ಬೈದಿದ್ದರೂ ಅವನು ಬದುಕಿಕೊಳ್ಳುತ್ತಿದ್ದ.

ಅಕ್ಕನ ಮಗಳು ಹೋದ ಮೇಲೆ, ತಾನೇ ಒಂದು ದಿನ ಹೊಲಿದರೂ ದುಡಿದ ಲೆಕ್ಕವಾಗುತ್ತಲ್ಲ ಅಂತ ಅವನೇ ಆ ಮೆಷಿನ್ ಮುಂದೆ ಕೂತ. ಮೊಣಕಾಲು ಮೇಜಿಗೆ ಬಡಿಯಿತು. ಪೆಡಲ್ ತುಳಿದರೆ ದಾರ ಪಟಕ್ಕೆಂದಿತು. ಮತ್ತೆ ಪೋಣಿಸಿದ, ಮತ್ತೆ ಪಟಕ್. ಕಾನೂನಿಗೆ ಯಾರು ಹೊಲಿದರೂ ಒಂದೇ ಇರಬಹುದು, ಈ ಹಠಮಾರಿ ಮೆಷಿನ್‌ಗೆ ಅಕ್ಕನ ಕಾಲಿನ ಗುರುತು ಮಾತ್ರ. ಆದರೆ ಅಷ್ಟೇ ಅಲ್ಲ. ಅವನಿಗೆ ಬೇಕಾಗಿದ್ದು ಮೆಷಿನ್ ಆಗಿರಲಿಲ್ಲ. ಅಕ್ಕ ಬೇಕಾಗಿತ್ತು. ಹದಿಮೂರು ತಿಂಗಳು ಅದನ್ನು ಬಾಯಿಬಿಟ್ಟು ಹೇಳದೆ ಸುಮ್ಮನೆ ಎಣ್ಣೆ ಬಿಡುತ್ತಾ ಬಂದಿದ್ದ ದಡ್ಡ.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಹಾಳೆ ಮಡಿಸಿದ ಹಾಗೆ ಮಡಿಕೆಯ ಮೇಲೆ ಹೆಬ್ಬೆರಳು ಎಳೆಯುವ ಚಾಳಿ ಇನ್ನೂ ಹೋಗಿರಲಿಲ್ಲ.

"ಏನೋ, ದಾರಿ ತಪ್ಪಿದೆಯಾ?"

"ನಿನ್ನ ಮಗಳು ನಿನ್ನ ಮೆಷಿನ್ನನ್ನೇ ಪಟ್ಟಿಯಿಂದ ತೆಗೀತಾಳಂತೆ."

"ಗೊತ್ತು. ರಾತ್ರಿ ಊಟದ ಜೊತೆ ಅದನ್ನೂ ಬಡಿಸಿದ್ಲು." ಅಕ್ಕ ಒಂದು ಟವೆಲ್ ಮಡಿಸಿಟ್ಟಳು. "ತೆಗೀಲಿ ಬಿಡು. ಅದೂ ಮುದಿ, ನಾನೂ ಮುದಿ."

"ಬಾ ಅಕ್ಕ."

"ಬಂದು? ನಾನು ಹೊಲಿಯೋದು, ನೀನು ಬಿಚ್ಚೋದಾ?"

ಅವನು ನೆಲ ನೋಡಿದ. "ತಪ್ಪಾಯ್ತು. ನಿನ್ನ ಮುಂದೆ ಬಿಚ್ಚಿದ್ರೆ ಅಳ್ತೀಯ ಅಂದ್ಕೊಂಡೆ. ನೀನಿಲ್ದೆ ಅಂಗಡೀಲಿ ಕೂರೋಕೆ ಆಗ್ತಿಲ್ಲ. ಹೊಟ್ಟೆಗೆ ಹಾಕ್ಕೋ."

ಅಕ್ಕ ಇನ್ನೊಂದು ಟವೆಲ್ ಎತ್ತಿಕೊಂಡು ಮಡಿಸಿದಳು. ಕೊನೆಗೆ, "ಎದುರಿಗೇ ಬಿಚ್ಚಿದ್ರೆ ಅಳ್ತಿರಲಿಲ್ಲ ಕಣೋ. ಬೈತಿದ್ದೆ, ಅಷ್ಟೆ," ಅಂದಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಅವನು ಮುಖ ಸಣ್ಣ ಮಾಡಿಕೊಂಡು ವಾಪಸ್ ಬಂದ.

ವರ್ಷದ ಕೊನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ತಾಯಿ ಮಗಳು ಇಬ್ಬರೂ ನಿಂತಿದ್ದರು. ಅಕ್ಕ ಯಾರ ಮುಖವನ್ನೂ ನೋಡದೆ ಸೀದಾ ಮೂಲೆಗೆ ಹೋಗಿ, ಸ್ಟೂಲಿನ ಮೇಲಿನ ಧೂಳು ಕೊಡವಿದಳು.

"ಎಣ್ಣೇಲಿ ಈಜಾಡಿಸಿದೀಯಲ್ಲೋ ಇದನ್ನ. ಹೊಲಿಯೋಕೆ ಏನಿದೆ ಕೊಡು."

ಅವನು ಇನ್ನೂರು ಹಾಳೆಯ ಕಂತೆ ಕೊಟ್ಟ. ಅಂಗಡಿಯ ಹೊಸ ವರ್ಷದ ಲೆಕ್ಕಕ್ಕೆ ಅಂತಲೇ ಎತ್ತಿಟ್ಟಿದ್ದು. ಅಕ್ಕ ದಾರ ಪೋಣಿಸಲು ನಾಲ್ಕು ಸಲ ಒದ್ದಾಡಿದಳು. ಅವನು ಕೈ ಕಟ್ಟಿ ನಿಂತಿದ್ದ, ಸಹಾಯಕ್ಕೆ ಹೋಗಲಿಲ್ಲ. ಪೆಡಲ್ ಮೇಲೆ ಅವಳ ಕಾಲು ಬಿದ್ದದ್ದೇ ಮೆಷಿನ್ ಗೊಣಗಿಕೊಂಡು ಹೊರಟಿತು. ಹೊಲಿಗೆ ಅರ್ಧದವರೆಗೆ ನೇರ ಹೋಗಿ, ಆಮೇಲೆ ನಿಧಾನವಾಗಿ ಎಡಕ್ಕೆ ಸರಿಯಿತು. ಅಕ್ಕ ಕೊನೆ ಮುಟ್ಟಿಸಿ, ಕಂತೆಯನ್ನು ತಮ್ಮನ ಕಡೆ ಚಾಚಿದಳು.

"ಸೊಟ್ಟ," ಅಂದಳು.

"ಸೊಟ್ಟಾನೇ," ಅಂದ ಅವನು.

ಅವನು ಡ್ರಾಯರ್ ಎಳೆದು ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡು ತೆಗೆದ. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಅವನು ಎರಡು ತುದಿಯಲ್ಲಿ ಜೋತಾಡುತ್ತಿದ್ದ ದಾರವನ್ನಷ್ಟೇ ಕತ್ತರಿಸಿ, ಬ್ಲೇಡನ್ನು ಡ್ರಾಯರ್‌ಗೆ ಹಾಕಿದ. ಅಂಟಿನ ಬ್ರಷ್ ತೆಗೆದುಕೊಂಡು ಪುಸ್ತಕದ ಬೆನ್ನಿಗೆ ಬಳಿಯತೊಡಗಿದ.

ಅಕ್ಕನ ಮಗಳು ರಬ್ಬರ್ ಹುಡುಕಿ, ಹಳದಿ ಚೀಟಿಯ ಮೇಲಿದ್ದ ಚಿಹ್ನೆ ಅಳಿಸಿದಳು.

ರಟ್ಟು ಕೂರಿಸಿ, ಪುಸ್ತಕವನ್ನು ಪ್ರೆಸ್‌ನೊಳಗಿಟ್ಟು ಅವನು ಚಕ್ರ ತಿರುಗಿಸಿದ.

"ಅಷ್ಟಕ್ಕೇ ಬಿಟ್ಟೆಯಾ? ಇನ್ನೊಂದು ಸುತ್ತು," ಅಂತ ಅಕ್ಕ ಎದ್ದು ಬಂದು ಅವನ ಕೈ ಪಕ್ಕ ತನ್ನ ಕೈಯಿಟ್ಟಳು. ಕಬ್ಬಿಣದ ಚಕ್ರದ ಮೂಲಕ ಆ ನಡುಕ ಅವನ ಅಂಗೈಗೂ ಬಂತು. ಇಬ್ಬರೂ ಸೇರಿ ಇನ್ನೊಂದು ಸುತ್ತು ತಿರುಗಿಸಿದರು.