ಮೇಷ್ಟ್ರು ಇಳಿಯದ ಮೆಟ್ಟಿಲು

ತುನೀಶಿಯಾದ ಪೂರ್ವ ಕರಾವಳಿಯ ಆ ಸಣ್ಣ ಊರಿನ ಪುರಸಭೆಯಲ್ಲಿ ಯಾವುದಾದರೂ ಪ್ರಸ್ತಾಪವನ್ನು ಬೀಳಿಸಬೇಕೆಂದರೆ ಸದಸ್ಯರು ಲಸ್ಸಾದ್ ಮೇಷ್ಟ್ರನ್ನು ಮುಂದೆ ಬಿಡುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಈಗ ಪುರಸಭೆ ಸದಸ್ಯರು; ಅಲ್ಲಿನ ಪದ್ಧತಿಯಂತೆ ಪುರಸಭೆ ಹಾಲಿನಲ್ಲಿ ಮದುವೆ ನಡೆಸಿ ದಾಖಲಿಸುವ ಕೆಲಸವೂ ಅವರದೇ. ಎದುರಿಗಿದ್ದವರ ಬಾಯಿ ಮುಚ್ಚಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ.

ಆ ಮಂಗಳವಾರ ಅಧ್ಯಕ್ಷೆ ವಸೀಲಾ ಪ್ರಸ್ತಾಪವೊಂದನ್ನು ತಂದಿದ್ದರು. ಫ್ರೆಂಚರ ಕಾಲದ ಪುರಸಭೆ ಕಟ್ಟಡದ ರಿಪೇರಿಗೆ ಸರ್ಕಾರದಿಂದ ಹಣ ಬಂದಿತ್ತು. ಅದರಲ್ಲಿ ಬಾಗಿಲಿಗೆ ಇಳಿಜಾರು ದಾರಿ, ಮಹಡಿಗೆ ಲಿಫ್ಟು ಮಾಡಿಸೋಣ ಎಂದು ಆಕೆಯ ಆಸೆ. ಅರ್ಧದಷ್ಟು ಸದಸ್ಯರಿಗೆ ಮುಂಭಾಗದ ಗೋಡೆಗೆ ಹೊಸ ಗಾರೆ, ಕಿಟಕಿಗಳಿಗೆ ನೀಲಿ ಬಣ್ಣ, ಸಭಾಂಗಣಕ್ಕೆ ಏಸಿ ಬೇಕಿತ್ತು. ಬೇಸಿಗೆಯಲ್ಲಿ ಪ್ರವಾಸಿಗರು ಬರುತ್ತಾರಲ್ಲ.

ಮೇಷ್ಟ್ರು ಎದ್ದರು. ಕರುಣೆ ಬೇರೆ, ಆಡಳಿತ ಬೇರೆ ಎಂದರು. ಸಾರ್ವಜನಿಕರ ಹಣ ಹೆಚ್ಚು ಜನಕ್ಕೆ ಕಾಣುವಂತೆ ಖರ್ಚಾಗಬೇಕು ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ನಾಲ್ಕು ವರ್ಷದಿಂದ ಇಲ್ಲಿದೀನಿ. ಈ ಮಹಡಿ ಮೇಲೆ ಒಂದೇ ಒಂದು ಗಾಲಿಕುರ್ಚಿ ನೋಡಿಲ್ಲ. ಬರದೇ ಇರೋರಿಗೆ ಲಿಫ್ಟ್ ಯಾಕ್ರೀ?” ಎಂದರು. ಒಂದಿಬ್ಬರು ನಕ್ಕರು. ಆ ನಗು ಮೇಷ್ಟ್ರಿಗೆ ಹಿತವಾಯಿತು.

ಸಭೆಗೆ ಊರವರೂ ಬಂದು ಕೂರಬಹುದಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ಬೇಕರಿಯಲ್ಲಿ ಕೆಲಸ ಮಾಡುವ ಜಲೀಲಾ. ಒಂದು ಕಾಲದಲ್ಲಿ ಮೇಷ್ಟ್ರ ತರಗತಿಯಲ್ಲೇ ಕೂತಿದ್ದವಳು.

“ನನ್ನ ಮದುವೆ ಮಾಡಿಸಿದ್ದು ನೀವೇ, ಮೇಷ್ಟ್ರೇ. ಹೋದ ವರ್ಷ, ಇದೇ ಹಾಲ್‌ನಲ್ಲಿ. ನಮ್ಮಪ್ಪ ಸಾಕ್ಷಿ ರುಜು ಹಾಕ್ಬೇಕಿತ್ತು. ಅವರಿಗೆ ಮೆಟ್ಲು ಹತ್ತೋಕಾಗಲ್ಲ ಅಂದಿದ್ದಕ್ಕೆ, ರಿಜಿಸ್ಟರ್ ಪುಸ್ತಕ ನಾನೇ ಕೆಳಗೆ ತರ್ತೀನಿ ಅಂದ್ರಿ. ನೀವು ಬರ್ಲಿಲ್ಲ. ನಮ್ಮ ಭಾವ ರುಜು ಹಾಕಿದ್ರು.” ಮೆಟ್ಟಿಲ ಕಡೆ ಕೈ ತೋರಿಸಿ ಹೇಳಿದಳು: “ಇವತ್ತೂ ಅಪ್ಪ ಬಂದಿದಾರೆ. ಕೆಳಗಿದಾರೆ.”

ಮೇಷ್ಟ್ರಿಗೆ ಎಲ್ಲ ನೆನಪಾಯಿತು. ಆ ಶನಿವಾರ ಸಾಲಾಗಿ ಏಳು ಮದುವೆ. ಎದೆಯ ಮೇಲೆ ಅಧಿಕಾರದ ಕೆಂಪು ಬಿಳಿ ಪಟ್ಟಿ, ಹೆಂಗಸರ ಸಂಭ್ರಮದ ಉಲುಲು ದನಿ, ಬಾಗಿಲಲ್ಲಿ ನೂಕಾಡುವ ಮುಂದಿನ ದಿಬ್ಬಣ. ‘ಯಾರಾದರೂ ಒಬ್ಬರು ರುಜು ಹಾಕಿ, ಬೇಗ’ ಎಂದದ್ದು ತಮ್ಮದೇ ಬಾಯಿ. ಕಿವಿ ಬಿಸಿಯಾಯಿತು. ಹೌದಮ್ಮ, ತಪ್ಪಾಯ್ತು ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ಕಣ್ಣುಗಳ ಎದುರು ನಾಲಿಗೆ ಹೊರಳಲಿಲ್ಲ. “ಸ್ವಂತ ವಿಷಯ ಇಲ್ಲಿ ಬೇಡ” ಎಂದು ಗೊಣಗಿ ಕೂತರು. ಮತಕ್ಕೆ ಹಾಕಿದಾಗ ಪ್ರಸ್ತಾಪದ ವಿರುದ್ಧ ಕೈಯನ್ನೂ ಎತ್ತಿದರು. ಪರವಾಗಿ ಒಂಬತ್ತು, ವಿರುದ್ಧ ಹತ್ತು. ಪ್ರಸ್ತಾಪ ಬಿತ್ತು.

ಸಭೆ ಮುಗಿದಾಗ ಮೇಷ್ಟ್ರು ಮುಂದಿನ ಮೆಟ್ಟಿಲಿಗೆ ಹೋಗಲಿಲ್ಲ. ಜವಾನರು ಓಡಾಡುವ ಹಿಂದಿನ ಕಬ್ಬಿಣದ ಏಣಿಯಲ್ಲಿ ಗೋಡೆ ಹಿಡಿದುಕೊಂಡು ಇಳಿದು, ಕಸದ ಡಬ್ಬಗಳ ಪಕ್ಕದಿಂದ ನುಸುಳಿಕೊಂಡು ಮನೆ ಸೇರಿದರು.

ಎಂಟು ದಿನ ಊಟ ರುಚಿಸಲಿಲ್ಲ. ಒಂಬತ್ತನೆಯ ದಿನ ಬಂದರಿನ ಹಿಂದಿನ ಓಣಿಯಲ್ಲಿ ಜಲೀಲಾಳ ಅಪ್ಪ ಶಾದ್ಲಿಯ ಮನೆ ಹುಡುಕಿಕೊಂಡು ಹೋದರು. ಶಾದ್ಲಿ ಮೀನುದೋಣಿ ಕಟ್ಟುವ ಬಡಗಿ. ಅಟ್ಟಣೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಮೇಷ್ಟ್ರನ್ನು ಕಂಡು ಗಾಲಿಕುರ್ಚಿಯಲ್ಲೇ ನೆಟ್ಟಗಾಗಿ, ಒಳಗೆ ಬನ್ನಿ ಎಂದು ಸಂಭ್ರಮಪಟ್ಟ. ಹೆಂಡತಿ ಪುದೀನ ಚಹಾ ತಂದಿಟ್ಟಳು.

ಮೇಷ್ಟ್ರು ಚಹಾ ಮುಟ್ಟದೆ, ಆವತ್ತು ತಾನು ಇಳಿದು ಬರಲಿಲ್ಲ, ಅದು ದೊಡ್ಡ ತಪ್ಪು ಎಂದು ತೊದಲಿದರು.

“ಅಯ್ಯೋ, ಬಿಡಿ ಮೇಷ್ಟ್ರೇ. ನಾನೇ ಹೇಳಿಕಳಿಸಿದ್ದೆ, ನನಗೋಸ್ಕರ ಕಾಯ್ಬೇಡಿ ಅಂತ” ಎಂದ ಶಾದ್ಲಿ.

“ಯಾಕೆ ಸುಳ್ಳು ಹೇಳ್ತೀರಿ?” ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. “ಪೆನ್ನು ಕೈಲಿ ಹಿಡ್ಕೊಂಡೇ ಕೂತಿದ್ರಿ. ಮಗಳು ಇಳಿದು ಬರೋದು ಕಂಡು ಜೇಬಿಗೆ ತುರುಕಿಕೊಂಡ್ರಿ.”

ಶಾದ್ಲಿ ನಾಚಿ ನಕ್ಕ. ನಾಚಬೇಕಾದವನು ಅವನಲ್ಲ ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮುಂದಿನ ಸಭೆಯಲ್ಲಿ ಮೇಷ್ಟ್ರು ತಾವಾಗಿಯೇ ಎದ್ದರು. ಮಾತು ಮೊದಲಿನ ಹಾಗೆ ಹರಿಯಲಿಲ್ಲ. ಆ ಹುಡುಗಿ ಹೇಳಿದ್ದು ನಿಜ, ಆವತ್ತು ಗೊತ್ತಿದ್ದೂ ಕೈ ಎತ್ತಿದೆ, ಮೆಟ್ಟಿಲ ಬುಡದಲ್ಲಿದ್ದವನಿಗೆ ಮುಖ ತೋರಿಸಲಾಗದೆ ಹಿಂದಿನಿಂದ ಓಡಿಹೋದೆ ಎಂದು ಎಲ್ಲವನ್ನೂ ಹೇಳಿದರು. ಹೋದ ಸಲ ನಕ್ಕಿದ್ದವನೊಬ್ಬ, “ಮೇಷ್ಟ್ರು ಈಗ ಪರೀಕ್ಷೆಗೆ ಕೂತಿದಾರೆ” ಎಂದು ಚುಚ್ಚಿದ. ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಗಾರೆ ಕೆಲಸದ ಗುತ್ತಿಗೆ ಆಗಿಹೋಗಿತ್ತು. ಲಿಫ್ಟಿಗೆ ಹಣ ಉಳಿದಿರಲಿಲ್ಲ. ಇಳಿಜಾರು ದಾರಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಮದುವೆ ಹಾಲನ್ನು ಕೆಳಗೆ ತರೋಣ, ಅಲ್ಲಿರುವ ಸದಸ್ಯರ ಕೋಣೆ ಬಿಟ್ಟುಕೊಡೋಣ ಎಂದು ಮೇಷ್ಟ್ರು ಕೇಳಿದಾಗ ವಸೀಲಾ ಕೂಡಲೇ ಮತಕ್ಕೆ ಹಾಕಿದರು. ಆರು ಜನ ವಿರೋಧಿಸಿದರೂ ಅದು ಪಾಸಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಮದುವೆಗಳೆಲ್ಲ ಮಹಡಿಯಲ್ಲಲ್ಲ, ರಸ್ತೆಯ ಮಟ್ಟದ ಆ ಕೋಣೆಯಲ್ಲೇ ನಡೆಯತೊಡಗಿದವು.

ಊರವರು ಮೇಷ್ಟ್ರನ್ನು ಹೊಗಳಿದರು. ಹೊಗಳಿದಷ್ಟೂ ಅವರು ಕುಗ್ಗುತ್ತಿದ್ದರು. ಆದ ಮದುವೆ ಆಗಿಹೋಗಿತ್ತು, ಪುಸ್ತಕದಲ್ಲಿ ಭಾವನ ರುಜುವೇ ಇತ್ತು. ಬೆಳಿಗ್ಗೆ ಬ್ರೆಡ್ಡಿಗೆಂದು ಬೇಕರಿಗೆ ಹೋದಾಗ ಜಲೀಲಾ, “ಚೆನ್ನಾಗಿದೀರಾ, ಮೇಷ್ಟ್ರೇ?” ಎಂದು ಎಲ್ಲರನ್ನೂ ಕೇಳುವ ಹಾಗೇ ಕೇಳುತ್ತಿದ್ದಳು. ಮೇಷ್ಟ್ರು ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನೆಲ ನೋಡುತ್ತಲೇ, “ಚೆನ್ನಾಗಿದೀನಮ್ಮ” ಎನ್ನುತ್ತಿದ್ದರು.